ಓಡುವ ಲಾರಿಯ ತೂಕ

ಅಮೆರಿಕ ಸಂಯುಕ್ತ ಸಂಸ್ಥಾನದ ಹೆದ್ದಾರಿಗಳಲ್ಲಿ ಸರಕು ಲಾರಿಗಳನ್ನು ಅಲ್ಲಲ್ಲಿ ಪಕ್ಕಕ್ಕೆ ತಿರುಗಿಸಿ ತಕ್ಕಡಿಯ ಮೇಲೆ ಹಾಯಿಸುವ ಏರ್ಪಾಡುಂಟು. ಇವೇ ತೂಕದ ಠಾಣೆಗಳು. ಠಾಣೆ ತೆರೆದಿದೆಯೆಂಬ ಫಲಕ ಕಂಡೊಡನೆ ಭಾರಿ ಲಾರಿಯ ಚಾಲಕನು ಒಳಕ್ಕೆ ಹೋಗಬೇಕು. ಯಾವ ಯಾವ ವಾಹನಗಳಿಗೆ ಈ ಕಟ್ಟಳೆ ಎಂಬುದನ್ನು ಆಯಾ ರಾಜ್ಯವೇ ಗೊತ್ತುಮಾಡುತ್ತದೆ. ಆದರೆ ಕೆಲವು ಲಾರಿಗಳು ನಿಲ್ಲದೆ, ವೇಗವನ್ನೂ ತಗ್ಗಿಸದೆ, ಠಾಣೆಯ ಮುಂದೆಯೇ ಹಾದುಹೋಗುತ್ತವೆ. ಇದೇನು ಪಕ್ಷಪಾತವೇ ಎಂದು ವಾಚಕರಿಗೆ ಅನಿಸಬಹುದು. ಅನೇಕ ಠಾಣೆಗಳಲ್ಲಿ ಅವುಗಳ ತೂಕವನ್ನು ಓಡುತ್ತಿರುವಾಗಲೇ ನೋಡಿ ಆಗಿರುತ್ತದೆ.

ಮೊದಲು, ತೂಗುವುದೇತಕ್ಕೆ? 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ ಬಗೆಬಗೆಯ ರಸ್ತೆಗಳನ್ನು ಹಾಸಿ, ಅವುಗಳ ಮೇಲೆ ಲಾರಿಗಳನ್ನು ಓಡಿಸಿ ಪರೀಕ್ಷೆ ನಡೆಸಿದರು. ರಸ್ತೆಗಾಗುವ ಹಾನಿಯು ಒಂದೊಂದು ಇರುಸಿನ, ಅಂದರೆ ಆಕ್ಸಲಿನ, ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿದೆ ಎಂಬುದು ಅದರಿಂದ ಹೊರಟ ಫಲ. ಭಾರವು ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಹಾನಿ 1.46 ಪಟ್ಟಾಗುವುದು, ಇಪ್ಪತ್ತರಷ್ಟು ಹೆಚ್ಚಿದರೆ ಎರಡು ಪಟ್ಟನ್ನೂ ಮೀರುವುದು. 2,000 ಪೌಂಡು ಹೊತ್ತ ಕಾರಿನ ಇರುಸಿಗೂ 20,000 ಪೌಂಡು ಹೊತ್ತ ಲಾರಿಯ ಇರುಸಿಗೂ ಹೋಲಿಸಿದರೆ, ಭಾರ ಹತ್ತು ಪಟ್ಟು, ಹಾನಿ ಹತ್ತು ಸಾವಿರ ಪಟ್ಟು!

ಆದಕಾರಣ ಅಂತರರಾಜ್ಯ ಹೆದ್ದಾರಿಗಳಲ್ಲಿ ಒಂಟಿ ಇರುಸಿಗೆ 20,000 ಪೌಂಡು (ಸುಮಾರು 9 ಟನ್ನು), ಜೋಡಿ ಇರುಸಿಗೆ 34,000 ಪೌಂಡು, ಇಡೀ ಲಾರಿಗೆ 80,000 ಪೌಂಡು (ಸುಮಾರು 36 ಟನ್ನು) ಎಂದು ಸಾಮಾನ್ಯ ಮಿತಿಯಿದೆ. ಸೇತುವೆಗಳ ರಕ್ಷಣೆಗೆ ಇನ್ನೊಂದು ಸೂತ್ರವುಂಟು. ಗಿಡ್ಡ ಲಾರಿಯ ಭಾರವು ಸೇತುವೆಯ ಒಂದೇ ಕಡೆ ಒಟ್ಟುಗೂಡುವುದರಿಂದ ಇರುಸುಗಳ ನಡುವಣ ದೂರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಐದು ಇರುಸುಗಳ ಲಾರಿಯಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ 51 ಅಡಿ ಅಂತರವಿದ್ದರೆ 80,000 ಪೌಂಡು ಸಲ್ಲುತ್ತದೆ. 40 ಅಡಿಯಾದರೆ 73,000ಕ್ಕೇ ನಿಲ್ಲಬೇಕು.

ಒಟ್ಟು ತೂಕ ಸರಿಯಿದ್ದೂ ಒಂದು ಜೋಡಿ ಇರುಸಿನ ಮೇಲೆ ಭಾರ ಮೀರಿರಬಹುದು. ಆಗ ಸರಕನ್ನು ಇಳಿಸಲೇಬೇಕೆಂದಿಲ್ಲ. ಹಿಂದೆ ಎಳೆಯುವ ಬಂಡಿಯ ಚಕ್ರಗಳ ಜೋಡಣೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುವ ಅನುಕೂಲ ಅನೇಕ ಲಾರಿಗಳಲ್ಲುಂಟು. ಬಿದಿರುಗಳೆಗೆ ಹೊರೆ ಕಟ್ಟಿ ಇಬ್ಬರು ಹೊರುವಾಗ, ಹೊರೆಗೆ ಹತ್ತಿರವಾದವನ ಹೆಗಲಿಗೆ ಹೆಚ್ಚು ಭಾರ ಬೀಳುವುದಷ್ಟೆ? ಹಾಗೆಯೇ ಆ ಚಕ್ರಗಳನ್ನು ಮುಂದಕ್ಕೆ ಸರಿಸಿದರೆ ಅವುಗಳ ಮೇಲಿನ ಭಾರ ಏರಿ, ಮುಂದಿನ ಎಂಜಿನ್ ಗಾಡಿಯ ಮೇಲಿನದು ಇಳಿಯುತ್ತದೆ.

ಇನ್ನು ಓಡುವ ಲಾರಿಯನ್ನು ತೂಗುವ ಬಗೆ. ರಸ್ತೆಗೆ ಅಡ್ಡಲಾಗಿ ಪಟ್ಟಿಗಳನ್ನು ಹೂಳುವುದು ಒಂದು ವಿಧಾನ. ಪಟ್ಟಿಯೊಳಗಿನ ಕ್ವಾರ್ಟ್ಸ್ ಹರಳುಗಳ ಮೇಲೆ ಒತ್ತಡ ಬಿದ್ದೊಡನೆ ವಿದ್ಯುದಾವೇಶ ಹುಟ್ಟುವುದು. ಅದನ್ನು ಅಳೆದು ಭಾರವನ್ನು ತಿಳಿಯಬಹುದು. ಗಂಟೆಗೆ 60 ಮೈಲಿ ವೇಗದಲ್ಲಿ ಟೈರು ಪಟ್ಟಿಯ ಮೇಲಿರುವುದು ಸೆಕೆಂಡಿನ ಸುಮಾರು ನೂರನೆಯ ಒಂದು ಪಾಲು ಮಾತ್ರ. ತೊಡಕಿರುವುದು ಇಲ್ಲಿಯೇ. ಸ್ಪ್ರಿಂಗುಗಳ ಮೇಲೆ ಕುಳಿತ ಲಾರಿಯ ಒಡಲು ಸೆಕೆಂಡಿಗೆ ಎರಡು ಮೂರು ಸಲ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಒಡಲು ತಗ್ಗಿ ಸ್ಪ್ರಿಂಗನ್ನು ಅದುಮಿದ ಕ್ಷಣದಲ್ಲಿ ಚಕ್ರವು ಪಟ್ಟಿಯನ್ನು ಮೆಟ್ಟಿದರೆ ತೂಕ ಹೆಚ್ಚಾಗಿಯೂ, ಎದ್ದ ಕ್ಷಣದಲ್ಲಿ ಮೆಟ್ಟಿದರೆ ಕಡಮೆಯಾಗಿಯೂ ಕಾಣುವುದು. ಹಲವು ಪಟ್ಟಿಗಳನ್ನು ಹೂತು ಸರಾಸರಿ ತೆಗೆದರೆ ದೋಷ ತಗ್ಗುತ್ತದೆ, ಅಳಿಯುವುದಿಲ್ಲ. ಆದ್ದರಿಂದ ಈ ಅಳತೆಯನ್ನು ಅನುಮಾನಾಸ್ಪದ ಲಾರಿಗಳನ್ನು ಬೇರ್ಪಡಿಸಲು ಬಳಸುತ್ತಾರೆ. ದಂಡ ವಿಧಿಸುವುದಕ್ಕೆ ಸಾಮಾನ್ಯವಾಗಿ ನಿಲ್ಲಿಸಿ ತೂಗುವ ತಕ್ಕಡಿಯೇ ಪ್ರಮಾಣ. ಇದು ನ್ಯಾಯವೆಂದೇ ನನ್ನ ಮತ. ಉಬ್ಬು ರಸ್ತೆಯ ತಪ್ಪಿಗೆ ಚಾಲಕನೇಕೆ ಹಣ ತೆರಬೇಕು?

ನಿಲ್ಲದೆ ಹೋಗುವ ಸೌಕರ್ಯ ಬೇಕಾದ ಸಾಗಣೆ ಸಂಸ್ಥೆಗಳು ಪ್ರೀಪಾಸ್, ಡ್ರೈವ್‌ವೈಜ್ ಮೊದಲಾದ ವ್ಯವಸ್ಥೆಗಳಲ್ಲಿ ಲಾರಿಗಳನ್ನು ನೋಂದಾಯಿಸುತ್ತವೆ. ಮುಂಗಾಜಿಗೆ ಅಂಟಿಸಿದ ಚಿಕ್ಕ ರೇಡಿಯೋ ಸಾಧನವೋ ಚಾಲಕನ ಮೊಬೈಲೋ, ಠಾಣೆ ಸಮೀಪಿಸುತ್ತಲೇ ಲಾರಿಯ ಗುರುತನ್ನು ತಿಳಿಸುತ್ತದೆ. ನೋಂದಣಿಯನ್ನೂ ಸಂಸ್ಥೆಯ ಸುರಕ್ಷತೆಯ ದಾಖಲೆಯನ್ನೂ, ಪಟ್ಟಿ ಹೂತಿರುವ ಕಡೆ ತೂಕವನ್ನೂ ಕಂಪ್ಯೂಟರು ಪರಿಶೀಲಿಸಿ, ಹಸಿರು ಅಥವಾ ಕೆಂಪು ಸಂಕೇತವನ್ನು ಕೊಡುತ್ತದೆ. ದಾಖಲೆ ನಿರ್ಮಲವಾಗಿದ್ದರೂ ಆಗೊಮ್ಮೆ ಈಗೊಮ್ಮೆ ಕೆಂಪು ಬರುವುದುಂಟು. ಯಾರ ಸರದಿಯೆಂದು ಮುಂಚಿತವಾಗಿ ಊಹಿಸಲಾಗದಂತೆ ಆರಿಸುತ್ತಾರೆ. ಒಳಕ್ಕೆ ಹೋದ ಮೇಲೆ ಬ್ರೇಕು, ಟೈರುಗಳಲ್ಲದೆ ಚಾಲಕನು ಎಷ್ಟು ಗಂಟೆ ಲಾರಿ ನಡೆಸಿದ್ದಾನೆಂಬುದನ್ನೂ ನೋಡಬಹುದು. 10 ಗಂಟೆಗಳ ಬಿಡುವಿನ ಬಳಿಕ ಹೆಚ್ಚೆಂದರೆ 11 ಗಂಟೆ ನಡೆಸಬೇಕೆಂಬುದು ಅಲ್ಲಿಯ ಸಾಮಾನ್ಯ ನಿಯಮ.

ಇವೆಲ್ಲದರ ಗೊಡವೆಯೇ ಬೇಡವೆಂದು ಠಾಣೆಗೆ ಮುಂಚೆಯೇ ಅಡ್ಡದಾರಿ ಹಿಡಿಯುವವರೂ ಉಂಟು. ಹಲವು ರಾಜ್ಯಗಳಲ್ಲಿ ಅದು ಅಪರಾಧ. ಅಂಥ ದಾರಿಗಳ ಹಳೆಯ ಸೇತುವೆಗಳ ಬಳಿ, ಹೊರಬಲ್ಲ ಭಾರವನ್ನು ಫಲಕದ ಮೇಲೆ ಬರೆದಿರುತ್ತಾರೆ. ಆ ಅಂಕೆ ಎಷ್ಟೋ ಕಡೆ 36 ಟನ್ನಿಗಿಂತ ಬಹಳ ಕೆಳಗಿರುತ್ತದೆ.