ತೊಟ್ಟಿಯೊಳಗಿನ ಕಡಲು: ಉಪ್ಪನ್ನು ಸರಿಯಾಗಿ ಅಳೆಯುವುದು ಹೇಗೆ?

ಅಡುಗೆ ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಸಮುದ್ರದ ನೀರು ಸಿದ್ಧವಾಗುತ್ತದೆಯೇ? ಇಲ್ಲ. ರುಚಿ ನೋಡಿದರೆ ಎರಡೂ ಉಪ್ಪೇ. ಆದರೆ ಅಡುಗೆ ಉಪ್ಪು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಮಾತ್ರ. ಕಡಲ ನೀರಿನ ಲವಣಗಳಲ್ಲಿ ಕ್ಲೋರೈಡ್ ಶೇಕಡಾ 55ರಷ್ಟು, ಸೋಡಿಯಂ ಶೇಕಡಾ 30ಕ್ಕಿಂತ ತುಸು ಹೆಚ್ಚು. ಉಳಿದ ಪಾಲು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳದು. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಇಂಥ ಲವಣಗಳು ಸರಾಸರಿ 35 ಗ್ರಾಂ ಇರುತ್ತವೆ. ಇದನ್ನೇ ನಿಮ್ಮ ಭೂಗೋಳದ ಪುಸ್ತಕ ಲವಣತೆ ಎಂದು ಕರೆಯುತ್ತದೆ.

ಬಣ್ಣಬಣ್ಣದ ಕಡಲ ಮೀನುಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರು ಈ 35 ಎಂಬ ಅಂಕಿಯನ್ನು ಕಾಪಾಡಬೇಕಾಗುತ್ತದೆ. ಯಾಕೆ ಎನ್ನುವುದನ್ನು ಮೀನಿನ ಕಡೆಯಿಂದ ನೋಡೋಣ. ಕಡಲ ಮೀನಿನ ರಕ್ತದಲ್ಲಿರುವ ಲವಣ ಸುತ್ತಲಿನ ನೀರಿನದಕ್ಕಿಂತ ಬಹಳ ಕಡಿಮೆ. ಹೀಗಾಗಿ ಅಭಿಸರಣೆಯಿಂದ ಅದರ ಮೈಯೊಳಗಿನ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಮೀನು ಕಡಲ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕಿ ಬದುಕುತ್ತದೆ. ನೀರು ಹೆಚ್ಚು ಉಪ್ಪಾದಷ್ಟೂ ಈ ದುಡಿಮೆ ಹೆಚ್ಚು. ನಕ್ಷತ್ರ ಮೀನಿಗೆ ಇಂಥ ಶಕ್ತಿಯೂ ಇಲ್ಲ. ಹೊರಗಿನ ನೀರಿನ ಉಪ್ಪು ಎಷ್ಟೋ ಒಳಗಿನದೂ ಸುಮಾರಾಗಿ ಅಷ್ಟೇ. ಲವಣತೆ ಥಟ್ಟನೆ ಇಳಿದರೆ ಅದರ ಜೀವಕೋಶಗಳಿಗೆ ನೀರು ನುಗ್ಗಿ ಊದಿಕೊಳ್ಳುತ್ತವೆ. ಮೀನು ತಡೆದುಕೊಂಡ ಬದಲಾವಣೆಗೆ ನಕ್ಷತ್ರ ಮೀನು ಸತ್ತುಹೋಗುವುದು ಇದೇ ಕಾರಣಕ್ಕೆ.

ಹಾಗಾದರೆ ಒಂದಿಷ್ಟು ನೀರನ್ನು ಕಾಯಿಸಿ ಆವಿ ಮಾಡಿ, ಉಳಿದ ಉಪ್ಪನ್ನು ತೂಗಿದರಾಯಿತಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ, ಮಾಡಿದರೆ ಲೆಕ್ಕ ತಪ್ಪುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ತನ್ನೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಓಡಿಸಲೆಂದು ಇನ್ನೂ ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಕ್ಲೋರಿನ್ನಿನ ಒಂದು ಪಾಲೇ ಹಾರಿಹೋಗುತ್ತದೆ. ಬೈಕಾರ್ಬೊನೇಟುಗಳು ಇಂಗಾಲದ ಡೈಆಕ್ಸೈಡನ್ನು ಕಳೆದುಕೊಳ್ಳುತ್ತವೆ. ವಿಜ್ಞಾನಿಗಳು ಅಡ್ಡದಾರಿ ಹಿಡಿದದ್ದು ಇದರಿಂದಲೇ. 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಒಟ್ಟು ಉಪ್ಪು ಹೆಚ್ಚುಕಡಿಮೆ ಇದ್ದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಎಂಬುದು ಅದರಿಂದ ದೃಢಪಟ್ಟಿತು. ಅಂದಮೇಲೆ ಯಾವುದಾದರೂ ಒಂದು ಗುಣವನ್ನು ಅಳೆದರೆ ಸಾಕು, ಒಟ್ಟು ಉಪ್ಪು ತಿಳಿಯುತ್ತದೆ. ಮನೆಯಲ್ಲಿ ಬಳಸುವ ಉಪಕರಣಗಳೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ.

ಮೊದಲನೆಯದು ಹೈಡ್ರೋಮೀಟರ್. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರನ್ನು ನೋಡಿದ್ದೀರಲ್ಲ, ಇದು ಅದರ ಅಣ್ಣ. ಬಿತ್ತನೆ ಭತ್ತವನ್ನು ಆರಿಸಲು ಉಪ್ಪುನೀರು ಮಾಡಿ, ಮೊಟ್ಟೆ ತೇಲುತ್ತದೆಯೇ ಎಂದು ನೋಡುವ ರೈತರ ತಂತ್ರವೂ ಇದೇ ತತ್ತ್ವದ್ದು. ನೀರು ಹೆಚ್ಚು ಸಾಂದ್ರವಾದಷ್ಟೂ ಗಾಜಿನ ಕೊಳವೆ ಮೇಲಕ್ಕೆ ತೇಲುತ್ತದೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 35 ಲವಣತೆಯ ನೀರು, ಅದೇ ಉಷ್ಣತೆಯ ಶುದ್ಧ ನೀರಿಗಿಂತ 1.0264 ಪಟ್ಟು ಸಾಂದ್ರ.

ತೊಡಕು ಇರುವುದು ‘ಅದೇ ಉಷ್ಣತೆಯ’ ಎಂಬ ಮಾತಿನಲ್ಲಿ. ಕೊಳವೆಯೊಳಗಿನ ಚೀಟಿಯನ್ನು ಓದಿ. 60/60 ಫ್ಯಾರನ್‌ಹೀಟ್ ಎಂದಿದ್ದರೆ ಅದು 15.6 ಡಿಗ್ರಿ ಸೆಲ್ಸಿಯಸ್ಸಿಗೆಂದು ಮಾಡಿದ್ದು. ನಿಮ್ಮ ತೊಟ್ಟಿ 25 ಡಿಗ್ರಿಯಲ್ಲಿದ್ದು, ನೀರು ಸರಿಯಾಗಿ 35 ಇದ್ದರೂ ಅದು ಸುಮಾರು 1.0245 ತೋರಿಸುತ್ತದೆ. ಉಪ್ಪು ಕಡಿಮೆಯಾಯಿತೆಂದು ಗಾಬರಿಯಾಗಿ 1.0264 ಬರುವವರೆಗೆ ಉಪ್ಪು ಸುರಿದಿರೋ, ಕಿಲೋಗ್ರಾಂಗೆ ಎರಡು ಗ್ರಾಂಗೂ ಮಿಕ್ಕಿ ಹೆಚ್ಚಾಗಿರುತ್ತದೆ. ಉಪಕರಣ ಸುಳ್ಳು ಹೇಳಲಿಲ್ಲ, ಓದಿದವರು ಚೀಟಿ ನೋಡಲಿಲ್ಲ ಅಷ್ಟೆ. ಇನ್ನು ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಪೆಟ್ಟಿಗೆಯ ಹೈಡ್ರೋಮೀಟರುಗಳಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅಂಕಿ ಮೇಲೇರುತ್ತದೆ. ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸಿ, ಅಳೆದ ಮೇಲೆ ಸಿಹಿನೀರಿನಲ್ಲಿ ತೊಳೆದಿಡಿ. ಗಾಜಿನದರಲ್ಲಾದರೆ ನೀರಿನ ಮಟ್ಟವನ್ನು ಕಣ್ಣಿಗೆ ನೇರವಾಗಿ ಹಿಡಿದು, ಬಾಗಿದ ಮೇಲ್ಮೈಯ ತಳವನ್ನು ಓದಬೇಕು. ಪ್ರಯೋಗಾಲಯದ ಬ್ಯೂರೆಟ್ ಓದಿದಂತೆಯೇ.

ಎರಡನೆಯದು ರಿಫ್ರಾಕ್ಟೋಮೀಟರ್. ಉಪ್ಪು ಹೆಚ್ಚಾದಂತೆ ನೀರಿನ ವಕ್ರೀಭವನ ಸೂಚ್ಯಂಕ ಹೆಚ್ಚುತ್ತದೆ. ಎರಡು ಹನಿ ನೀರನ್ನು ಗಾಜಿನ ಮೇಲೆ ಹಾಕಿ, ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಭಾಗಗಳು ಕೂಡುವ ಗೆರೆಯೇ ಅಳತೆ. ಅರ್ಧ ನಿಮಿಷ ಕಾದು ಓದಿ. ಹನಿ ಮತ್ತು ಉಪಕರಣದ ಉಷ್ಣತೆ ಒಂದಾಗಬೇಕು.

ಎಲ್ಲರೂ ಇದನ್ನು ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸುತ್ತಾರೆ. ಅದು ಬೇಕು, ಆದರೆ ಅಷ್ಟೇ ಸಾಲದು. ಬರಿತಟ್ಟೆಗಳು ಸಮವಾಗಿ ನಿಂತ ಮಾತ್ರಕ್ಕೆ ತಕ್ಕಡಿಯ ಬಟ್ಟುಗಳು ಸರಿ ಎಂದು ಯಾರಾದರೂ ಹೇಳುತ್ತಾರೆಯೇ? ಕಡಿಮೆ ಬೆಲೆಯ ಅನೇಕ ರಿಫ್ರಾಕ್ಟೋಮೀಟರುಗಳ ಅಳತೆಪಟ್ಟಿಯನ್ನು ಕಡಲ ನೀರಿಗಲ್ಲ, ಬರಿಯ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆಂದು ಗುರುತು ಮಾಡಿರುತ್ತಾರೆ. ಅವು ಸೊನ್ನೆಯಲ್ಲಿ ಸರಿಯಾಗಿದ್ದು, 35ರ ಕಡಲ ನೀರನ್ನು 36.5 ಎಂದು ತೋರಿಸುತ್ತವೆ. ಅದನ್ನು ನಂಬಿ ನೀರು ಬೆರೆಸುತ್ತ ಹೋದವರ ತೊಟ್ಟಿಯಲ್ಲಿ ನಿಜವಾದ ಲವಣತೆ 33.5ಕ್ಕೆ ಇಳಿದಿರುತ್ತದೆ.

ಪರಿಹಾರ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೇ ಇದೆ. ಒಣಗಿದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ ತೂಗಿ, 963.5 ಗ್ರಾಂ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ನೀರನ್ನೂ ತೂಗಿಯೇ ತೆಗೆದುಕೊಳ್ಳಿ, ಲೋಟದ ಅಳತೆ ಬೇಡ. ಈ ದ್ರಾವಣದ ವಕ್ರೀಭವನ ಸೂಚ್ಯಂಕ 35ರ ಕಡಲ ನೀರಿನದೇ ಆಗಿರುತ್ತದೆ. ಇದನ್ನು ಹಾಕಿದಾಗ ಉಪಕರಣ 35 ತೋರಿಸುವಂತೆ ತಿರುಪನ್ನು ತಿರುಗಿಸಿ. ಆಮೇಲೆ ಸೊನ್ನೆ ತುಸು ತಪ್ಪಿದರೂ ಚಿಂತೆಯಿಲ್ಲ. ನಮಗೆ ಬೇಕಾದದ್ದು 35ರ ಆಸುಪಾಸಿನ ಸತ್ಯ. ಗಾಳಿಯಾಡದ ಬಾಟಲಿಯಲ್ಲಿ ಮುಚ್ಚಿಟ್ಟರೆ ಬಹುಕಾಲ ಬರುತ್ತದೆ. ಮುಚ್ಚಳ ಸಡಿಲವಾದರೆ ನೀರು ಆರಿ ದ್ರಾವಣ ಗಟ್ಟಿಯಾಗುತ್ತದೆ, ಆಗ ಚೆಲ್ಲಿ ಹೊಸದನ್ನು ಮಾಡಿ.

ಮೂರನೆಯದು ವಿದ್ಯುತ್ ವಾಹಕತೆಯ ಮೀಟರ್. ಈಗ ಸಮುದ್ರ ವಿಜ್ಞಾನಿಗಳು ನೆಚ್ಚುವುದೂ ವಾಹಕತೆಯನ್ನೇ. 1978ರ ಅಂತರರಾಷ್ಟ್ರೀಯ ಲವಣತಾ ಮಾನ ನಿಂತಿರುವುದು ಇದರ ಮೇಲೆ. 35ರ ನೀರಿನ ವಾಹಕತೆ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್. ಉಷ್ಣತೆ ಒಂದು ಡಿಗ್ರಿ ಏರಿದರೆ ಇದು ಶೇಕಡಾ ಎರಡರಷ್ಟು ಏರುವುದರಿಂದ ಮೀಟರಿನೊಳಗಿನ ಉಷ್ಣತಾಮಾಪಕ ಸರಿಯಾಗಿರಬೇಕು. ಮೇಲೆ ಹೇಳಿದ ಉಪ್ಪಿನ ದ್ರಾವಣ ರಿಫ್ರಾಕ್ಟೋಮೀಟರಿಗೆ ಮಾತ್ರ. ಈ ಮೀಟರಿಗೆ ಅದನ್ನು ಬಳಸಬೇಡಿ, 53ರ ಪ್ರಮಾಣ ದ್ರಾವಣವನ್ನೇ ತನ್ನಿ.

ಮಂಗಳೂರು, ಮಲ್ಪೆ, ಕಾರವಾರದ ಕಡೆಯ ವಿದ್ಯಾರ್ಥಿಗಳು ಕಡಲಿನಿಂದಲೇ ಒಂದು ಕೊಡ ನೀರು ತಂದು 35 ಎಂದು ಹಿಡಿಯಬಾರದು. ನೇತ್ರಾವತಿ, ಕಾಳಿಯಂಥ ನದಿಗಳು ಸೇರುವಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ನೀರು ಬಹಳ ಸಪ್ಪೆಯಾಗುತ್ತದೆ. ಹಾಗೆಯೇ ದಡದಲ್ಲಿ ಸಿಕ್ಕ ಜೀವಂತ ಹವಳವನ್ನೋ ಕಡಲ ಕುದುರೆಯನ್ನೋ ಮನೆಗೆ ತರಬೇಡಿ. ಗಟ್ಟಿ ಹವಳಗಳನ್ನೂ ಕಡಲ ಕುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ.

ಅಂಗಡಿಯ ಕಡಲ ಉಪ್ಪಿನ ಪುಡಿಯನ್ನು ಬಳಸುವವರೂ ಬರಿಯ ತೂಕವನ್ನು ನಂಬುವಂತಿಲ್ಲ. ಪುಡಿ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಕಲಸಿ, ಕೆಲವು ಗಂಟೆ ಚೆನ್ನಾಗಿ ಕದಡಿ, ಪೂರ್ತಿ ಕರಗಿದ ಮೇಲೆ ಅಳೆಯಿರಿ. ವ್ಯತ್ಯಾಸ ಕಂಡರೆ ಒಂದೇ ಸಲಕ್ಕೆ ಸರಿಪಡಿಸದೆ, ದಿನಕ್ಕೆ ಒಂದು ಅಂಕಕ್ಕಿಂತ ಹೆಚ್ಚು ಬದಲಾಗದಂತೆ ನೋಡಿಕೊಳ್ಳಿ.

ಕೊನೆಯದಾಗಿ ಆವಿಯ ಲೆಕ್ಕ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. 100 ಲೀಟರ್ ತೊಟ್ಟಿಯಲ್ಲಿ 5 ಲೀಟರ್ ಆರಿದರೆ 35 ಇದ್ದ ಲವಣತೆ ಹೆಚ್ಚುಕಡಿಮೆ 36.8ಕ್ಕೆ ಏರುತ್ತದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಇದಕ್ಕೆ ಹೆಚ್ಚು ದಿನ ಬೇಡ. ಆರಿದ ಜಾಗಕ್ಕೆ ಉಪ್ಪುನೀರನ್ನಲ್ಲ, ಶುದ್ಧವಾದ ಸಿಹಿನೀರನ್ನು ತುಂಬಬೇಕು. ಲವಣತೆ ಸರಿಯಿದ್ದ ದಿನ ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ದಿನವೂ ಆ ಗೆರೆಯವರೆಗೆ ತುಂಬಿ.