ಎಸ್.ಪಿ. ರಸ್ತೆಯಲ್ಲಿ ಸರ್ವರ್ ರ‍್ಯಾಮ್ ಹುಡುಕುತ್ತ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಣ್ಣಿಗೆ ಬೀಳುವುದೆಲ್ಲ ಕೇಬಲ್ಲು, ಮೌಸು, ಸಿಸಿಟಿವಿ. ಹಳೆಯ ಸರ್ವರ್‌ಗಳ ಬಿಡಿಭಾಗ ಬೇಕೆಂದರೆ ಓಣಿಗೆ ತಿರುಗಿ ಮೆಟ್ಟಿಲು ಹತ್ತಬೇಕು. ಮೇಲಿನ ಅಂಗಡಿಯಲ್ಲಿ ಎರಡು ಪ್ರೊಸೆಸರ್ ಕೂರುವ ಮದರ್‌ಬೋರ್ಡ್‌ಗಳು ಗೋಡೆಗೆ ಒರಗಿವೆ.

"ಯಾವ ಬೋರ್ಡು ಸಾರ್?" ಅಂಗಡಿಯವರ ಮೊದಲ ಪ್ರಶ್ನೆಯೇ ಇದು. "ಎಷ್ಟು ಜಿಬಿ?" ಎಂದು ಶುರುಮಾಡುವವರಿಗಿಂತ ಇವರ ಮೇಲೆ ನನಗೆ ನಂಬಿಕೆ ಹೆಚ್ಚು.

ನಾನು ಹೇಳಿದ್ದು ಕ್ಸಿಯಾನ್ ಇ5-2600 ವಿ4 ಕೂರುವ ಬೋರ್ಡು. ಅವರು ಟ್ರೇಯಿಂದ 16 ಜಿಬಿಯ ಡಿಡಿಆರ್4 ಒಂದನ್ನು ತೆಗೆದುಕೊಟ್ಟರು. ಚೀಟಿಯಲ್ಲಿ '2ಆರ್‌ಎಕ್ಸ್4 ಪಿಸಿ4-2400ಟಿ-ಆರ್' ಎಂದಿದೆ. 2ಆರ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಎರಡು ಗುಂಪು, ಅಂದರೆ ಎರಡು ರ‍್ಯಾಂಕ್. ಎಕ್ಸ್4 ಅಂದರೆ ಒಂದೊಂದು ಚಿಪ್ಪಿನ ಅಗಲ ನಾಲ್ಕು ಬಿಟ್. ಎರಡೂ ಬದಿ ಎಣಿಸಿದರೆ 36 ಚಿಪ್ಪು, ರ‍್ಯಾಂಕಿಗೆ 18: ಹದಿನಾರು ದತ್ತಾಂಶಕ್ಕೆ, ಎರಡು ತಪ್ಪು ತಿದ್ದುವ ಇಸಿಸಿಗೆ. ನಟ್ಟನಡುವೆ ಕೂತ ಬೇರೆ ಆಕಾರದ ಚಿಪ್ಪೇ ರಿಜಿಸ್ಟರ್. ಕೊನೆಯ 'ಆರ್' ಹೇಳುವುದು ಅದನ್ನೇ. ಅಲ್ಲಿ 'ಎಲ್' ಇದ್ದರೆ ಅದು ಎಲ್‌ಆರ್‌ಡಿಐಎಂಎಂ. ಪಿನ್ನುಗಳ ಮೇಲೆ ಪುಟ್ಟ ಬಫರ್ ಚಿಪ್ಪುಗಳ ಸಾಲು ಕಾಣುತ್ತದೆ. ಇವೆರಡನ್ನೂ ಒಂದೇ ಬೋರ್ಡಿನಲ್ಲಿ ಬೆರೆಸುವಂತಿಲ್ಲ.

ಮೋಸಹೋಗುವುದು ಇಲ್ಲೇ. ಡೆಸ್ಕ್‌ಟಾಪಿನ ಡಿಡಿಆರ್4ಗೂ 288 ಪಿನ್, ಕಚ್ಚು ಇರುವ ಜಾಗವೂ ಅದೇ. ಈ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಈ ಬೋರ್ಡಿಗೆ ನಡೆಯುವುದಿಲ್ಲ. ಕೂತಿತೆಂದು ದುಡ್ಡು ಕೊಡಬೇಡಿ.

ಇನ್ನು ಬೋರ್ಡು. ಈ ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ಚಾನೆಲ್; ಎರಡಕ್ಕೆ ಎಂಟು. ಹಾಗಾಗಿ 128 ಜಿಬಿ ಬೇಕಾದವರು 32ರ ನಾಲ್ಕು ಕೊಳ್ಳುವ ಬದಲು 16ರ ಎಂಟು ಕೊಂಡು, ಚಾನೆಲ್ಲಿಗೊಂದರಂತೆ ಹಂಚಿದರೆ ವೇಗ ಪೂರ್ತಿ ಸಿಗುತ್ತದೆ. ಎಲ್ಲವನ್ನೂ ಒಂದೇ ಪ್ರೊಸೆಸರಿನ ಸ್ಲಾಟುಗಳಿಗೆ ಹಾಕಿದರೆ ಇನ್ನೊಂದು ಪ್ರೊಸೆಸರ್ ಪ್ರತಿ ಸಲವೂ ಪಕ್ಕದವನ ಮೆಮೊರಿಗೆ ಕೈಚಾಚಬೇಕು. ಎರಡನೇ ಸಾಕೆಟ್ ಖಾಲಿಯಿದ್ದರೆ ಅದರ ಸ್ಲಾಟುಗಳೂ ಸತ್ತಂತೆಯೇ. ಚೀಟಿಯಲ್ಲಿ 2400ರ ಬದಲು 2133 ವೇಗ ಇರುವುದೊಂದು ನಡುವೆ ಸೇರಿದರೆ ಎಲ್ಲವೂ ಅದರ ವೇಗಕ್ಕೇ ಇಳಿಯುತ್ತವೆ.

ಬೋರ್ಡು ತಯಾರಿಸಿದವರ ಒಪ್ಪಿಗೆ ಪಟ್ಟಿಯಲ್ಲಿ ಮಾಡ್ಯೂಲಿನ ಪಾರ್ಟ್ ನಂಬರ್ ನೋಡಿಕೊಂಡೇ ಮೆಟ್ಟಿಲು ಹತ್ತಿ. ಅಂಗಡಿಯಲ್ಲೇ ಬೋರ್ಡಿಗೆ ಹಾಕಿಸಿ, ಬಯಾಸ್ ಪರದೆಯಲ್ಲಿ ಒಟ್ಟು ಜಿಬಿ, ವೇಗ ಎರಡೂ ಸರಿಯಾಗಿ ಬಂದ ಮೇಲೆ ಬಿಲ್ ಬರೆಸಿ.