ಧಾರವಾಡದ ಕೃಷಿ ಮೇಳಕ್ಕೆ ಮೊದಲ ಸಲ ಹೋಗುವ ರೈತರಿಗೆ



ಮುಂಗಾರು ಬೆಳೆಗೆ ಎಡೆಕುಂಟೆ ಹೊಡೆದು ಮುಗಿದಿರುತ್ತದೆ, ಹಿಂಗಾರಿ ಬಿತ್ತನೆಗೆ ಇನ್ನೂ ಕೆಲವು ವಾರಗಳಿರುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಈ ಬಿಡುವಿನಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ನಾಲ್ಕು ದಿನ ನಡೆಯುತ್ತದೆ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ವರ್ಷವರ್ಷವೂ ರೈತರು ಅಲ್ಲಿಗೆ ಹೋಗಿಬರುತ್ತಾರೆ. ಇನ್ನೂ ಹೋಗದೆ ಇರುವವರೇ ಹೆಚ್ಚು. ಈ ಸಲ ಮೊದಲಿಗೆ ಹೊರಡುವವರನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಜಗಳೂರು ತಾಲ್ಲೂಕಿನಲ್ಲಿದ್ದೆ. ನಲವತ್ತು ಜನ ರೈತರನ್ನು ಬಸ್ಸಿನಲ್ಲಿ ಕರೆದುಕೊಂಡು ಧಾರವಾಡ ಮುಟ್ಟಿದಾಗ ಬೆಳಗಿನ ಹನ್ನೊಂದು ಗಂಟೆ. "ಎಲ್ಲಾ ನೋಡಿರಿ, ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ಬನ್ನಿರಿ" ಎಂದು ಹೇಳಿ ಬಿಟ್ಟುಬಿಟ್ಟೆ. ಅಲ್ಲಿ ಗೇಟು ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ನಾಲ್ಕೂವರೆಗೆ. ಎಲ್ಲರನ್ನೂ ಕೂಡಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಆದರೆ ನಾನು ಹೇಳುವ ತಪ್ಪು ಅದಲ್ಲ. ಬಸ್ಸಿನಲ್ಲಿ ಎರೆಭೂಮಿಯ ರೈತರೊಬ್ಬರಿದ್ದರು. ನಾಲ್ಕು ಎಕರೆಗೆ ಸಾಕಾಗುವಷ್ಟು ಕಡಲೆ ಬೀಜ ತರಲೆಂದು ಹಣವನ್ನು ಪಂಚೆಯ ಅಂಚಿಗೆ ಗಂಟು ಕಟ್ಟಿಕೊಂಡು ಬಂದಿದ್ದರು. ಒಳಗೆ ಕಾಲಿಟ್ಟೊಡನೆ ಸಾಲುಸಾಲು ಮಳಿಗೆಗಳು, ಮೈಕಿನ ಕೂಗು. ಒಂದು ಮಳಿಗೆಯಲ್ಲಿ ಕುಂಡದ ಗಿಡಗಳೆರಡನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ಬಾಡಿದ್ದು, ಒಂದು ತೊನೆಯುವಂಥದ್ದು. ಬಾಟಲಿಯ ಟಾನಿಕ್ಕು ಹೊಡೆದರೆ ಎಲ್ಲಾ ಬೆಳೆಗೂ ಹೀಗೇ ಆಗುತ್ತದೆಂದು ಹೇಳುತ್ತಿದ್ದರು. ನಮ್ಮವರು ನಾಲ್ಕು ಬಾಟಲಿ ಕೊಂಡರು. ಮಧ್ಯಾಹ್ನ ಬೀಜದ ಕೌಂಟರಿಗೆ ಬರುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ಎರಡು ಎಕರೆಯ ಬೀಜದ ಹಣ.

ಆ ಹಿಂಗಾರಿಯಲ್ಲಿ ಎರಡು ಎಕರೆಗೆ ಜೆಜಿ-11 ಬಿತ್ತಿದರು, ಉಳಿದೆರಡಕ್ಕೆ ಮನೆಯ ಹಗೇವಿನ ಹಳೆಯ ಬೀಜ. ಡಿಸೆಂಬರಿನಲ್ಲಿ ಹೊಲಕ್ಕೆ ಹೋಗಿ ನೋಡಿದೆ. ಜೆಜಿ-11 ಸೊರಗು ರೋಗವನ್ನು ತಡೆದು ನಿಲ್ಲುವ ತಳಿ, ನಿಂತಿತ್ತು. ಪಕ್ಕದಲ್ಲಿ ಮನೆಯ ಬೀಜದ ಕಡಲೆ ತಟ್ಟೆತಟ್ಟೆಯಾಗಿ ಒಣಗಿತ್ತು. ಟಾನಿಕ್ಕನ್ನು ಎರಡಕ್ಕೂ ಸಮವಾಗಿ ಹೊಡೆದಿದ್ದರು. ಅದರಿಂದ ಕೆಟ್ಟದ್ದೂ ಆಗಿರಲಿಲ್ಲ, ಒಳ್ಳೆಯದೂ ಆಗಿರಲಿಲ್ಲ. ಅವರು ನನ್ನನ್ನು ಬಯ್ಯಲಿಲ್ಲ. "ಸಾಹೇಬ್ರೇ, ಎಲ್ಲಾ ನೋಡ್ರಿ ಅಂದ್ರಿ. ಮೊದ್ಲು ಎಲ್ಲಿಗೆ ಹೋಗ್ಬೇಕು ಅಂತ ಹೇಳ್ಲಿಲ್ಲ" ಎಂದರು, ಅಷ್ಟೆ. ಆ ಮಾತಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಇಂದು ಕೊಡುತ್ತಿದ್ದೇನೆ.

ಮೊದಲು ಬೀಜದ ಕೌಂಟರಿಗೆ ಹೋಗಿರಿ. ಬೆಳಗಿನ ಒಂಬತ್ತಕ್ಕೆ ಅಲ್ಲಿರಬೇಕು. ಬೇಡಿಕೆಯ ತಳಿಗಳು ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗುವುದುಂಟು. ಹಾಗಾದರೆ ಹಿಂದಿನ ರಾತ್ರಿಯೇ ಊರು ಬಿಡಬೇಕಾಗುತ್ತದೆ. ದಾವಣಗೆರೆಯಿಂದ ಧಾರವಾಡಕ್ಕೆ ನೂರರವತ್ತು ಕಿ.ಮೀ. ಆಸುಪಾಸು. ಜಗಳೂರಿನವರಿಗೆ ರೈಲಿಲ್ಲ, ಬಸ್ಸಿನಲ್ಲಿ ದಾವಣಗೆರೆಗೆ ಬಂದು ಹುಬ್ಬಳ್ಳಿ ಕಡೆಯ ಗಾಡಿ ಹಿಡಿಯಬೇಕು. ಹೊನ್ನಾಳಿ, ನ್ಯಾಮತಿಯವರಿಗೆ ಹರಿಹರ ಅನುಕೂಲ. ಚನ್ನಗಿರಿಯವರು ಸಂತೇಬೆನ್ನೂರು ಮೇಲೆ ದಾವಣಗೆರೆಗೆ ಬರಬಹುದು. ವಿಶ್ವವಿದ್ಯಾಲಯ ಇರುವುದು ಧಾರವಾಡ ಊರು ದಾಟಿ ಬೆಳಗಾವಿ ಹೆದ್ದಾರಿಯ ಮೇಲೆ. ಸಾಧ್ಯವಾದರೆ ಶನಿವಾರ, ಭಾನುವಾರ ಬಿಡಿರಿ. ಸೂರಗೊಂಡನಕೊಪ್ಪದ ಜಾತ್ರೆಯನ್ನೂ ತರಳಬಾಳು ಹುಣ್ಣಿಮೆಯನ್ನೂ ಕಂಡವರಿಗೆ ಜನಸಂದಣಿ ಹೊಸದಲ್ಲ. ಆದರೆ ಜಾತ್ರೆಯಲ್ಲಿ ದೇವರ ದರ್ಶನ ಸಂಜೆಗೂ ಸಿಗುತ್ತದೆ, ಇಲ್ಲಿ ವಿಜ್ಞಾನಿಯ ದರ್ಶನ ಸಿಗುವುದು ಜನ ಕಡಿಮೆಯಿದ್ದಾಗ ಮಾತ್ರ. ಧಾರವಾಡದಲ್ಲಿ ಆ ದಿನಗಳಲ್ಲಿ ಜಿಟಿಜಿಟಿ ಮಳೆ ಬರುವುದು ಹೆಚ್ಚು. ಎರೆಮಣ್ಣಿನ ಕೆಸರಿಗೆ ಹೊಸ ಮೆಟ್ಟು ಹಾಕಿಕೊಂಡು ಹೋಗಬೇಡಿರಿ. ಕೊಡೆ ಇರಲಿ.

ಬೀಜ ಕೊಳ್ಳುವಾಗ ಚೀಲದ ಚೀಟಿಯನ್ನು ಓದಿರಿ. ಓದು ಬಾರದವರು ಬಣ್ಣ ನೋಡಿದರೂ ಸಾಕು. ಬಂಗಾರದ ಹಳದಿ ಚೀಟಿ ತಳಿವರ್ಧಕ ಬೀಜ, ಬಿಳಿ ಚೀಟಿ ಮೂಲ ಬೀಜ, ನೀಲಿ ಚೀಟಿ ಪ್ರಮಾಣಿತ ಬೀಜ, ಹಸಿರು ಚೀಟಿ ನಿಜಚೀಟಿ ಬೀಜ. ಪರೀಕ್ಷೆಯಾದ ದಿನ ಯಾವುದು, ಎಲ್ಲಿಯವರೆಗೆ ಊರ್ಜಿತ ಎಂಬುದೂ ಅದರಲ್ಲಿರುತ್ತದೆ. ಪ್ರಮಾಣಿತ ಬೀಜದಲ್ಲಿ ಕನಿಷ್ಠ ಮೊಳಕೆ ಕಡಲೆಗೆ ನೂರಕ್ಕೆ 85, ಭತ್ತಕ್ಕೆ 80, ಶೇಂಗಾಕ್ಕೆ 70, ಹೈಬ್ರಿಡ್ ಮೆಕ್ಕೆಜೋಳಕ್ಕೆ 90 ಇರಬೇಕು. ಮನೆಗೆ ತಂದ ಮೇಲೆ ಚೀಟಿಯನ್ನು ನಂಬಿ ಸುಮ್ಮನಿರದೆ, ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ವಾರದೊಳಗೆ ಎಣಿಸಿ ನೋಡಿರಿ. ಖರ್ಚಿಲ್ಲದ ಕೆಲಸ.

ಇನ್ನೊಂದು ಎಚ್ಚರ. ಕೊಳ್ಳುತ್ತಿರುವುದು ಸುಧಾರಿತ ತಳಿಯೋ ಹೈಬ್ರಿಡ್ಡೋ ಎಂಬುದನ್ನು ಬಾಯಿಬಿಟ್ಟು ಕೇಳಿರಿ. ತಳಿಯ ಬೀಜವನ್ನು ಆರಿಸಿಟ್ಟುಕೊಂಡು ಮೂರ್ನಾಲ್ಕು ವರ್ಷ ಬಿತ್ತಬಹುದು. ಹೈಬ್ರಿಡ್ಡನ್ನು ಮರುವರ್ಷಕ್ಕೆ ಇಟ್ಟುಕೊಂಡರೆ ತಂದೆತಾಯಿಯ ಗುಣಗಳು ಒಡೆದು ಹೊಲದ ತುಂಬಾ ಗಿಡಕ್ಕೊಂದು ತರಹ ಆಗುತ್ತದೆ. ನಮ್ಮ ಹಿರಿಯರಿಗೆ ಇದು ಹತ್ತಿಯಲ್ಲಿ ಗೊತ್ತಾಗಿತ್ತು. ಡಾ. ಬಿ.ಎಚ್. ಕಾತರಕಿಯವರು ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿಯನ್ನೂ 1981ರಲ್ಲಿ ಡಿಸಿಎಚ್-32 ಎಂಬ ಜಯಲಕ್ಷ್ಮಿಯನ್ನೂ ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಉದ್ದೆಳೆಯ ಹೈಬ್ರಿಡ್‌ಗಳು ಅವು. ಒಂದೊಂದು ಮೊಗ್ಗಿನ ಕೇಸರವನ್ನೂ ಕೈಯಿಂದ ಬಿಡಿಸಿ, ಮರುದಿನ ಬೇರೆ ಗಿಡದ ಪರಾಗ ಮುಟ್ಟಿಸಿ ಬೀಜ ಮಾಡಬೇಕಿತ್ತು. ಹೊಲದಲ್ಲಿ ಆ ಸೂಕ್ಷ್ಮದ ಕೆಲಸ ಮಾಡಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಅಂದು ಆ ಕೆಲಸ ನಡೆದ ಕೃಷಿ ಕಾಲೇಜು 1947ರದು. 1986ರ ಅಕ್ಟೋಬರ್ 1ರಂದು ಅದೇ ನೆಲದಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು.

ಬೀಜ ಕೊಳ್ಳುವ ಮುನ್ನ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಏನೇನು ಸಹಾಯಧನದಲ್ಲಿ ಸಿಗುತ್ತದೆ, ಎಷ್ಟಕ್ಕೆ ಎಂದು ಕೇಳಿಕೊಂಡು ಹೊರಡಿರಿ. ಇಲ್ಲಿಯೇ ಅಗ್ಗಕ್ಕೆ ಸಿಗುವ ಬೀಜವನ್ನು ಅಲ್ಲಿಂದ ಹೊತ್ತು ತರುವುದರಲ್ಲಿ ಅರ್ಥವಿಲ್ಲ.

ಎರಡನೆಯದಾಗಿ ಹೋಗಬೇಕಾದ್ದು ಪ್ರಾತ್ಯಕ್ಷಿಕೆಯ ತಾಕುಗಳಿಗೆ. ಮಳಿಗೆಗಳಲ್ಲಿ ಮಾತು ನೋಡುತ್ತೀರಿ, ತಾಕಿನಲ್ಲಿ ಬೆಳೆ ನೋಡುತ್ತೀರಿ. ನಾವು ಹೋದ ಮತ್ತೊಂದು ವರ್ಷ ಶೇಂಗಾದ ತಾಕುಗಳ ಮುಂದೆ ಜಗಳೂರಿನವರು ಒಂದು ತಾಸು ಕದಲಲಿಲ್ಲ. ನಾವೆಲ್ಲ ಬಲ್ಲ ಟಿಎಂವಿ-2 ಎಲೆಚುಕ್ಕೆ, ತುಕ್ಕು ಹತ್ತಿ ಕೆಳಗಿನ ಎಲೆ ಉದುರಿಸಿಕೊಂಡಿತ್ತು. ಮಗ್ಗುಲಲ್ಲೇ ಧಾರವಾಡದ ಜಿಪಿಬಿಡಿ-4 ಹಸಿರಾಗಿತ್ತು. ಆ ಎರಡೂ ರೋಗಗಳನ್ನು ತಡೆಯುವುದೇ ಅದರ ಗುಣ. ಔಷಧಿ ಹೊಡೆಯುವ ಖರ್ಚು ಉಳಿಯುತ್ತದೆ, ಒಣಹೊಟ್ಟು ದನಕ್ಕೂ ಆಗುತ್ತದೆ. ಇಂಥದ್ದನ್ನು ನಾನು ಹತ್ತು ಸಭೆಯಲ್ಲಿ ಹೇಳಿದ್ದೆ. ಒಬ್ಬರೂ ನಂಬಿರಲಿಲ್ಲ.

ಆದರೆ ಕಣ್ಣಿಗೆ ಚೆಂದ ಕಂಡದ್ದೆಲ್ಲ ನಮ್ಮ ನೆಲಕ್ಕೆ ಒಪ್ಪುವುದಿಲ್ಲ. ಧಾರವಾಡ ಇರುವುದು ಉತ್ತರದ ಅರೆಮಲೆನಾಡು ವಲಯದಲ್ಲಿ, ಅಂದರೆ ವಲಯ 8ರಲ್ಲಿ. ಜಗಳೂರು ಮಧ್ಯ ಒಣ ವಲಯ, ವಲಯ 4. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ದಕ್ಷಿಣದ ಅರೆಮಲೆನಾಡು, ವಲಯ 7. ಆದ್ದರಿಂದ ಯಾವ ತಳಿಯನ್ನೇ ತೋರಿಸಲಿ, "ಇದು ವಲಯ 4ಕ್ಕೆ ಶಿಫಾರಸಾಗಿದೆಯೇ?" ಅಥವಾ "7ಕ್ಕೆ ಆಗಿದೆಯೇ?" ಎಂದು ಕೇಳಿರಿ. ಈ ಒಂದು ಪ್ರಶ್ನೆಯಿಂದ ಕೇಳುವವರು ಬಲ್ಲವರೆಂದು ಎದುರಿನವರಿಗೂ ಗೊತ್ತಾಗುತ್ತದೆ. ಶಿಫಾರಸಾಗಿದ್ದರೂ ಮೊದಲ ವರ್ಷ ಹತ್ತು ಗುಂಟೆಗೆ ಮಾತ್ರ ಹಾಕಿ, ನಿಮ್ಮ ಹಳೆಯ ತಳಿಯ ಪಕ್ಕದಲ್ಲೇ ಬೆಳೆದು ತೂಗಿ ನೋಡಿರಿ.

ಅಡಿಕೆ ಬೆಳೆಗಾರರಿಗೆ ಒಂದು ಮಾತು. ಚನ್ನಗಿರಿಯ ಅಡಿಕೆ ತೋಟದವರೊಬ್ಬರು ಸಂಜೆ ಬಸ್ಸಿನಲ್ಲಿ ಗೊಣಗಿದರು, "ನಮಗೇನೂ ಇರಲಿಲ್ಲ ಬಿಡ್ರಿ" ಎಂದು. ಅವರ ಮಾತು ಸುಳ್ಳಲ್ಲ. ಅಡಿಕೆಯ ಪ್ರಶ್ನೆಗಳಿಗೆ ಶಿವಮೊಗ್ಗವೇ ಸರಿ. 2012ರಲ್ಲಿ ಹುಟ್ಟಿದ ಅಲ್ಲಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವ್ಯಾಪ್ತಿಗೇ ನಮ್ಮ ಜಿಲ್ಲೆ ಬರುತ್ತದೆ. ಅದರ ಸಂಶೋಧನಾ ಕೇಂದ್ರವೊಂದು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲೇ ಇದೆ. ಮನೆಯ ಹಿತ್ತಿಲಲ್ಲಿರುವುದನ್ನು ನೋಡದೆ ಧಾರವಾಡಕ್ಕೆ ಹೋಗುವವರು ನಮ್ಮಲ್ಲಿ ಬಹಳ ಜನ! ನೂರು ವರ್ಷಗಳ ಹಿಂದೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿದ ಲೆಸ್ಲಿ ಕೋಲ್ಮನ್ ಕೆನಡಾ ದೇಶದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದವರು. ಅವರು ತೋಟಕ್ಕೆ ಬಂದು ರೋಗ ನೋಡಿದರು. ಮೇಳ ಆ ಕೆಲಸಕ್ಕೆ ಬದಲಿಯಲ್ಲ.

ಹಾಗೆಂದು ರೋಗಪೀಡಿತ ಗಿಡವನ್ನು ಮೇಳಕ್ಕೆ ಒಯ್ಯಬಾರದೆಂದಲ್ಲ. ಒಯ್ಯಲೇಬೇಕು. 2018ರಲ್ಲಿ ನ್ಯಾಮತಿ ಕಡೆಯ ಹೆಣ್ಣುಮಗಳೊಬ್ಬರು ಸ್ಟೀಲು ಡಬ್ಬಿಯಲ್ಲಿ ಮೆಕ್ಕೆಜೋಳದ ಸುಳಿಯನ್ನೂ ಅದರೊಳಗಿನ ಹುಳುವನ್ನೂ ತಂದಿದ್ದರು. ಅದೇ ಬೇಸಿಗೆಯ ಕೊನೆಗೆ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ನೆರೆಯ ಶಿವಮೊಗ್ಗದಲ್ಲಿ. ಊರಲ್ಲಿ ಎಲ್ಲರೂ ಹಳೆಯ ಸುಳಿ ಕೊರೆಯುವ ಹುಳುವೆಂದೇ ತಿಳಿದಿದ್ದರು. ಕೀಟ ಪ್ರದರ್ಶನದಲ್ಲಿದ್ದ ವಿದ್ಯಾರ್ಥಿಗಳು ಆಕೆಯ ಹುಳುವನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದರು. ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತು, ಬಾಲದ ಕಡೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇದು ಸುಳಿಯೊಳಗೆ ಅವಿತುಕೊಳ್ಳುವುದರಿಂದ ಎಲೆಯ ಮೇಲೆ ಎರಚಿದರೆ ಸಾಯುವುದಿಲ್ಲ, ಮುಂಜಾನೆ ಅಥವಾ ಸಂಜೆ ಸುಳಿಗೇ ಬೀಳುವಂತೆ ಹೊಡೆಯಬೇಕೆಂದರು. ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ. ಆಕೆ ಬರೆದುಕೊಳ್ಳಲಿಲ್ಲ, ನನ್ನಿಂದ ಬರೆಸಿಕೊಂಡರು. ಮರುವಾರ ಅವರ ಕೇರಿಯವರೆಲ್ಲ ಆ ಚೀಟಿ ಹಿಡಿದುಕೊಂಡೇ ಔಷಧಿ ಅಂಗಡಿಗೆ ಹೋದರಂತೆ.

ನೀವು ಒಯ್ಯುವಾಗ ಗಿಡವನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಒಣ ವೃತ್ತಪತ್ರಿಕೆಯಲ್ಲಿ ಸುತ್ತಿರಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವತು ಕೊಳೆಯುತ್ತದೆ, ಆಮೇಲೆ ಯಾರಿಗೂ ಏನೂ ಗುರುತು ಸಿಕ್ಕದು. ಪೂರ್ತಿ ಸತ್ತ ಗಿಡ ಬೇಡ, ಈಗಷ್ಟೇ ರೋಗ ಹತ್ತಿದ್ದು ಬೇಕು. ಜೊತೆಗೊಂದು ಚೀಟಿ: ಯಾವ ತಳಿ, ಬಿತ್ತಿದ ದಿನ, ಹಿಂದಿನ ಬೆಳೆ, ಹಾಕಿದ ಗೊಬ್ಬರ, ರೋಗ ಕಂಡದ್ದು ಯಾವಾಗ.

ಇಷ್ಟಾದ ಮೇಲೆ ದನಗಳ ಪ್ರದರ್ಶನ, ಫಲಪುಷ್ಪ, ಯಂತ್ರಗಳು, ಎಲ್ಲಾ ನಿಧಾನಕ್ಕೆ ನೋಡಿರಿ. ಯಂತ್ರದ ಮಳಿಗೆಯಲ್ಲಿ ಮುಂಗಡ ಕೊಡಬೇಡಿರಿ. ಇಲಾಖೆಯ ಮಂಜೂರಾತಿಗೆ ಮೊದಲೇ ಹಣ ಕಟ್ಟಿ ತಂದ ಯಂತ್ರಕ್ಕೆ ಆಮೇಲೆ ಸಹಾಯಧನ ಕೇಳಿದರೆ ಸಿಗುವುದು ಕಷ್ಟ. ಹೆಸರು, ಮಾದರಿ ಬರೆದುಕೊಂಡು ಬಂದು ನಮ್ಮಲ್ಲಿ ವಿಚಾರಿಸಿರಿ. ಬಾಟಲಿಯ ವಿಷಯ ಹೇಳಿಯಾಗಿದೆ. ಊಟಕ್ಕೆ ಸಾಲು ದೊಡ್ಡದು, ಬುತ್ತಿ ಕಟ್ಟಿಕೊಂಡು ಹೋದವರು ಜಾಣರು. ಪೇಡೆಯನ್ನು ಬರುವಾಗ ಕೊಳ್ಳಿರಿ, ಹೋಗುವಾಗಲ್ಲ.

ಜಗಳೂರಿನ ಆ ರೈತರು ಮರುವರ್ಷ ಮತ್ತೆ ಬಂದರು. ನಾನು ಬಸ್ಸಿನವರಿಗೆ ಯಾವ ಗೇಟು ಎಂದು ವಿವರಿಸುತ್ತಿದ್ದಾಗಲೇ ಅವರು ಬೀಜದ ಸಾಲಿನಲ್ಲಿ ಏಳನೆಯವರಾಗಿ ನಿಂತಿದ್ದರು. ಚೀಲದ ಚೀಟಿ, ರಶೀದಿ, ಅದರ ಜೊತೆ ಒಂದು ಹಿಡಿ ಬೀಜ, ಮೂರನ್ನೂ ಸುಗ್ಗಿಯಾಗುವವರೆಗೆ ಪೆಟ್ಟಿಗೆಯಲ್ಲಿಟ್ಟಿರಬೇಕೆಂದು ನಾನು ಅಂದು ಎಲ್ಲರಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಮೊಳಕೆ ಕೈಕೊಟ್ಟರೆ ಕೃಷಿ ಅಧಿಕಾರಿಗೆ ದೂರು ಕೊಡಲು ಅವು ಬೇಕಾಗುತ್ತವೆ. ಈ ಸಲದ ಮೇಳದ ದಿನಾಂಕವನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಖಚಿತ ಮಾಡಿಕೊಂಡು ಹೊರಡಿರಿ.